ಧಾರೆಗೆ ಅಪ್ಪ ಬೇಕಲ್ಲ!

ಈ ಸಲದ ಅಂಚೆಯಲ್ಲಿ ಸುಳ್ಳಿನದೇ ಕಾರುಬಾರು. ಜಿಲ್ಲಾಸ್ಪತ್ರೆಯೊಂದರ ಮನೋವೈದ್ಯ ವಿಭಾಗದಲ್ಲಿ ಮೂವತ್ತೊಂದು ವರ್ಷ ಕುಳಿತು, ನಿವೃತ್ತಿಯಾದ ಮೇಲೆ ಈ ಪುಟಕ್ಕೆ ಬಂದವಳು ನಾನು. ಆಸ್ಪತ್ರೆಯಲ್ಲಿ ಜನ ನನ್ನೆದುರು ಕುಳಿತೇ ಸುಳ್ಳು ಹೇಳುತ್ತಿದ್ದರು. ಪತ್ರದಲ್ಲಿ ಅಷ್ಟಾಗಿ ಹೇಳುವುದಿಲ್ಲ, ಹೆಸರು ಹಾಕುವ ಹಂಗಿಲ್ಲವಲ್ಲ. ಗುರುತು ಹತ್ತುವಂಥ ವಿವರಗಳನ್ನು ಎಂದಿನಂತೆ ಬದಲಾಯಿಸಿದ್ದೇನೆ. ಅದೂ ಒಂದು ಬಗೆಯ ಸುಳ್ಳೇ, ಗೊತ್ತಿದೆ.

ಪ್ರಶ್ನೆ: ಡಾಕ್ಟರಮ್ಮ, ನನಗೆ 34 ವರ್ಷ. ಊರು ಹಾಸನದ ಕಡೆ. ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಬೇಕಿರಲಿ ಬೇಡದಿರಲಿ, ನನ್ನ ಬಾಯಿಂದ ಸುಳ್ಳೇ ಬರುತ್ತದೆ. ಇಡ್ಲಿ ತಿಂದು ದೋಸೆ ತಿಂದೆ ಎನ್ನುತ್ತೇನೆ. ಮೆಜೆಸ್ಟಿಕ್‌ನಲ್ಲಿ ನಿಂತು ಯಶವಂತಪುರದಲ್ಲಿದ್ದೇನೆ ಎನ್ನುತ್ತೇನೆ. ಯಾರಿಗೆ ಏನು ಹೇಳಿದ್ದೇನೆಂದು ಮರೆಯದಿರಲು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಮೂರು ವರ್ಷದ ಹಿಂದೆ ಮಾರ್ಚ್ ಕೊನೆಯಲ್ಲಿ ನಾನು ಮುಗಿಸಬೇಕಿದ್ದ ಒಂದು ಲೆಕ್ಕ ಮುಗಿದಿರಲಿಲ್ಲ. ಮ್ಯಾನೇಜರ್ ಫೋನ್ ಮಾಡಿದಾಗ ‘ಸರ್, ಅಪ್ಪ ಹೋಗಿಬಿಟ್ಟರು’ ಎಂದುಬಿಟ್ಟೆ. ಹನ್ನೊಂದು ದಿನ ರಜೆ ಸಿಕ್ಕಿತು. ತಲೆ ಬೋಳಿಸಿಕೊಂಡು ಕಚೇರಿಗೆ ಹೋದೆ. ಮನೆಯಲ್ಲಿ ತಿರುಪತಿಯ ಹರಕೆ ಎಂದೆ. ಸಹೋದ್ಯೋಗಿಗಳು 23,500 ರೂಪಾಯಿ ಕೂಡಿಸಿ ಕೊಟ್ಟರು. ಅದು ಬೈಕಿನ ಕಂತಿಗೆ ಹೋಯಿತು. ಆ ದಿನಗಳಲ್ಲಿ ಎಲ್ಲರೂ ನನ್ನೊಂದಿಗೆ ಮೆತ್ತಗೆ ಮಾತನಾಡುತ್ತಿದ್ದರು. ಮರುವರ್ಷ ವರ್ಷಾಬ್ದಿಕಕ್ಕೆಂದು ಎರಡು ದಿನ ರಜೆಯನ್ನೂ ಹಾಕಿದೆ.

ಅಪ್ಪ ಊರಿನಲ್ಲಿ ಗಟ್ಟಿಯಾಗಿದ್ದಾರೆ. ತುಂಬಾ ಕಟ್ಟುನಿಟ್ಟಿನ ಮನುಷ್ಯ. ಏಳನೆಯ ತರಗತಿಯಲ್ಲಿ ಅಂಕಪಟ್ಟಿಗೆ ಅವರ ಸಹಿಯನ್ನು ನಾನೇ ಹಾಕಿ, ಸಿಕ್ಕಿಬಿದ್ದು, ಹುಣಸೆ ಬರಲಿನಲ್ಲಿ ಹೊಡೆಸಿಕೊಂಡಿದ್ದೆ. ಮುಂದಿನ ತಿಂಗಳು ತಂಗಿಯ ಮದುವೆ. ಕಚೇರಿಯ ಎಂಟು ಹತ್ತು ಜನ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬರುತ್ತೇವೆ ಎಂದು ಕುಳಿತಿದ್ದಾರೆ. ತಂದೆಯಿಲ್ಲದ ಮನೆ, ಕೈಜೋಡಿಸಬೇಕು ಎನ್ನುತ್ತಾರೆ. ಅವರಿಗೆಂದು ಅಪ್ಪನ ಹೆಸರಿನ ಮುಂದೆ ‘ದಿ.’ ಸೇರಿಸಿದ ಹತ್ತು ಲಗ್ನಪತ್ರಿಕೆ ಬೇರೆಯಾಗಿ ಹಾಕಿಸಲು ಪ್ರೆಸ್ಸಿನವರನ್ನು ಕೇಳಿದ್ದೇನೆ. 400 ರೂಪಾಯಿ ಹೆಚ್ಚಾಗುತ್ತದಂತೆ. ಮಂಟಪದಲ್ಲಿ ಅಪ್ಪನನ್ನು ದೊಡ್ಡಪ್ಪ ಎಂದು ಪರಿಚಯಿಸಬಹುದೇ? ನನಗೆ ಇದು ಕಾಯಿಲೆಯೇ? ಹೆಂಡತಿಗೆ ಏನೂ ಗೊತ್ತಿಲ್ಲ.
— ಹೆಸರು ಬೇಡ

ಉತ್ತರ: ಮೊದಲು ಪ್ರೆಸ್ಸಿಗೆ ಫೋನ್ ಮಾಡಿ ಆ ಹತ್ತು ಪತ್ರಿಕೆಗಳನ್ನು ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿ.

ಆಯಿತೇ? ಈಗ ಕುಳಿತುಕೊಳ್ಳಿ.

ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ನಕ್ಕೆ, ಮುಚ್ಚಿಡುವುದಿಲ್ಲ. ‘ದಿ.’ ಎಂಬ ಒಂದಕ್ಷರಕ್ಕೆ 400 ರೂಪಾಯಿ! ಎರಡನೆಯ ಸಲ ನಗು ಬರಲಿಲ್ಲ. ಧಾರೆ ಎರೆಯಲು ಅಪ್ಪ ನಿಂತಾಗ ಪುರೋಹಿತರು ತಂದೆಯ ಹೆಸರು, ಗೋತ್ರ ಎಲ್ಲವನ್ನೂ ಮೈಕಿನಲ್ಲಿ ಹೇಳಿಸುತ್ತಾರೆ. ದೊಡ್ಡಪ್ಪನ ಉಪಾಯ ಅಲ್ಲಿಯವರೆಗೂ ಬಾಳುವುದಿಲ್ಲ. ಚಪ್ಪರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗನೇ ‘ಅವರು ಹೆಣ್ಣಿನ ಅಪ್ಪ’ ಎಂದುಬಿಡುತ್ತಾನೆ.

ಕಾಯಿಲೆಯೇ ಎಂದು ಕೇಳಿದ್ದೀರಿ. 1891ರಲ್ಲಿ ಆಂಟನ್ ಡೆಲ್‌ಬ್ರೂಕ್ ಎಂಬ ವೈದ್ಯರು ಐವರು ರೋಗಿಗಳ ವಿಷಯ ಬರೆದು, ಅವರ ಸ್ಥಿತಿಗೆ ಸ್ಯೂಡೋಲೋಜಿಯಾ ಫೆಂಟಾಸ್ಟಿಕಾ ಎಂದು ಹೆಸರಿಟ್ಟರು. ಅಂಥವರು ಕಟ್ಟುವುದು ಒಂದೆರಡು ಸುಳ್ಳನ್ನಲ್ಲ, ಒಂದು ಇಡೀ ಬದುಕನ್ನು. ಕಟ್ಟುತ್ತ ಕಟ್ಟುತ್ತ ಅರ್ಧ ನಂಬಿಯೂ ಬಿಡುತ್ತಾರೆ. ಹೆಸರು ಹಳೆಯದಾದರೂ, ಅಮೆರಿಕದ ಮನೋವೈದ್ಯರ ಡಿಎಸ್‌ಎಂ ಕೈಪಿಡಿಯಲ್ಲಿ ಸುಳ್ಳು ಹೇಳುವ ಚಟ ಇಂದಿಗೂ ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಬೇರೆ ತೊಂದರೆಗಳ ಒಂದು ಲಕ್ಷಣವಾಗಿ ಮಾತ್ರ ಅಲ್ಲಲ್ಲಿ ಬರುತ್ತದೆ. ಪತ್ರ ನೋಡಿ ಕಾಯಿಲೆಯ ಹೆಸರು ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಆದರೂ ನೀವು ಡೆಲ್‌ಬ್ರೂಕರ ಆ ಐವರ ಸಾಲಿನವರಲ್ಲ ಎಂದು ನನಗೆ ಅನ್ನಿಸಲು ಕಾರಣ ನಿಮ್ಮ ಮೊಬೈಲಿನ ಪಟ್ಟಿ. ಸುಳ್ಳಿನ ಲೆಕ್ಕ ಇಡುವವನಿಗೆ ನಿಜ ಯಾವುದೆಂದು ಚೆನ್ನಾಗಿ ಗೊತ್ತಿರುತ್ತದೆ. ವೃತ್ತಿಗೆ ತಕ್ಕಂತೆ ಎರಡು ಖಾತೆ ತೆರೆದಿದ್ದೀರಿ, ಅಷ್ಟೇ.

ನಮ್ಮ ಭಾಷೆ ಈ ವಿಷಯದಲ್ಲಿ ಡಿಎಸ್‌ಎಂಗಿಂತ ಚುರುಕು. ಬುರುಡೆ ಬಿಡುವವನು, ರೈಲು ಬಿಡುವವನು, ಬೊಗಳೆದಾಸ ಎಂದೆಲ್ಲ ಕರೆಯುವಾಗ ನಮಗೆ ಸಿಟ್ಟಿರುವುದಿಲ್ಲ. ಸುಳ್ಳುಗಾರ ಎಂದಾಗ ಇರುತ್ತದೆ, ಮೋಸಗಾರ ಎಂದಾಗ ಪೊಲೀಸರೂ ಬರುತ್ತಾರೆ. ನಿಮ್ಮ ದೋಸೆ ರೈಲು. ಅಪ್ಪನ ಸಾವು, ಆ ಫೋನಿನಲ್ಲಿ ಬಾಯಿ ತಪ್ಪಿದಾಗ, ಸುಳ್ಳು. 23,500 ರೂಪಾಯಿಯನ್ನು ಎಣಿಸಿ ಜೇಬಿಗಿಟ್ಟುಕೊಂಡ ಮೇಲೆ ಮೋಸ. ಮೂರನ್ನೂ ಒಟ್ಟಿಗೆ ಗಂಟು ಕಟ್ಟಿ ‘ನನಗೆ ಸುಳ್ಳಿನ ಕಾಯಿಲೆ’ ಎಂದು ನನ್ನ ಮೇಜಿನ ಮೇಲಿಟ್ಟರೆ ನಾನು ಗಂಟು ಬಿಚ್ಚಿ ಬೇರೆ ಮಾಡುತ್ತೇನೆ. ಕಾಯಿಲೆಗೆ ರಶೀದಿ ಇರುವುದಿಲ್ಲ, ಮೋಸಕ್ಕೆ ಇರುತ್ತದೆ.

‘ಎಲ್ಲರೂ ಸುಳ್ಳು ಹೇಳುತ್ತಾರೆ’ ಎಂಬ ಸಮಾಧಾನವೂ ನಿಮಗೆ ಸಿಗಲಾರದು. 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸಾವಿರ ಅಮೆರಿಕನ್ನರನ್ನು ಹಿಂದಿನ 24 ಗಂಟೆಗಳಲ್ಲಿ ಎಷ್ಟು ಸುಳ್ಳು ಹೇಳಿದಿರಿ ಎಂದು ಕೇಳಿದ್ದರು. ಹತ್ತರಲ್ಲಿ ಆರು ಜನ ಒಂದೂ ಇಲ್ಲ ಎಂದರು. ಲೆಕ್ಕಕ್ಕೆ ಸಿಕ್ಕ ಸುಳ್ಳುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ಹೇಳಿದ್ದವರು ನೂರಕ್ಕೆ ಐದು ಜನ. (ಸುಳ್ಳಿನ ಸಮೀಕ್ಷೆಯಲ್ಲಿ ಸುಳ್ಳು ಹೇಳಿರಲಾರರೇ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. 2012ರಲ್ಲಿ ಪ್ರಾಮಾಣಿಕತೆಯ ಬಗ್ಗೆಯೇ ಅಮೆರಿಕದಲ್ಲಿ ಪ್ರಕಟವಾಗಿ ಹೆಸರು ಮಾಡಿದ ಒಂದು ಪ್ರಬಂಧವನ್ನು, ಅದರೊಳಗಿನ ಅಂಕಿಗಳೇ ಕಟ್ಟುಕಥೆ ಎಂದು ಗೊತ್ತಾಗಿ 2021ರಲ್ಲಿ ವಾಪಸು ಪಡೆದರು. ನಮ್ಮ ಕಸುಬಿನ ಮಾನವೂ ಹೀಗಿದೆ.)

ದೋಸೆಯಿಂದ ಅಪ್ಪನ ಸಾವಿನವರೆಗೆ ಹೇಗೆ ಬಂದಿರಿ? ಮೆಟ್ಟಿಲು ಮೆಟ್ಟಿಲಾಗಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಣ್ಯ ತುಂಬಿದ ಗಾಜಿನ ಜಾಡಿಯ ಚಿತ್ರ ತೋರಿಸಿ, ಒಳಗೆ ಎಷ್ಟಿದೆ ಎಂದು ಜೊತೆಗಾರನಿಗೆ ಹೇಳಬೇಕು. ಹೆಚ್ಚಿಸಿ ಹೇಳಿದರೆ ಹೇಳಿದವನಿಗೆ ಲಾಭ, ಜೊತೆಗಾರನಿಗೆ ನಷ್ಟ. ಜನ ಮೊದಲು ಸ್ವಲ್ಪ ಹೆಚ್ಚಿಸಿದರು, ಆಮೇಲೆ ಇನ್ನಷ್ಟು. ಭಯ, ಕಸಿವಿಸಿಗಳ ಹೊತ್ತಿಗೆ ಮಿಡಿಯುವ ಅಮಿಗ್ಡಲಾ ಎಂಬ ಮಿದುಳಿನ ಭಾಗ ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ ಮಿಡಿಯುತ್ತಿತ್ತು. ಹೊಸ ಚಪ್ಪಲಿ ಕಚ್ಚಿದ ಜಾಗ ದಡ್ಡುಗಟ್ಟಿದ ಹಾಗೆ. ಇಡ್ಲಿಯನ್ನು ದೋಸೆ ಮಾಡಿದಾಗ ನಿಮಗೇನೂ ಸಿಗುತ್ತಿರಲಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ನಿಮಗೇ ತಿಳಿಯದಂತೆ ಅಭ್ಯಾಸ ಸಿಗುತ್ತಿತ್ತು.

ಇನ್ನು ಆ ಹುಣಸೆ ಬರಲು. ಪಶ್ಚಿಮ ಆಫ್ರಿಕಾದಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳ ಎರಡು ಶಾಲೆಗಳನ್ನು ಹೋಲಿಸಿದ ಒಂದು ಅಧ್ಯಯನ 2011ರಲ್ಲಿ ಬಂತು. ಒಂದರಲ್ಲಿ ಹೊಡೆತ ಬಡಿತದ ಶಿಸ್ತು, ಇನ್ನೊಂದರಲ್ಲಿ ಬರಿಯ ಗದರಿಕೆ. ಬೆನ್ನ ಹಿಂದಿರುವ ಆಟಿಕೆಯನ್ನು ಇಣುಕಬೇಡ ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಇಣುಕದ ಮಗು ಎಲ್ಲಿದೆ? ಬಂದು ಕೇಳಿದಾಗ ಹೊಡೆಯುವ ಶಾಲೆಯ ಮಕ್ಕಳೇ ಹೆಚ್ಚು ಸುಳ್ಳು ಹೇಳಿದರು. ಅಷ್ಟೇ ಅಲ್ಲ, ಚೆನ್ನಾಗಿಯೂ ಹೇಳಿದರು, ಹೇಳಿದ್ದನ್ನು ಕೊನೆಯವರೆಗೆ ಕಾಪಾಡಿಕೊಂಡರು. ನಿಮ್ಮ ಮ್ಯಾನೇಜರ್ ಫೋನಿನಲ್ಲಿ ಗದರಿದಾಗ ಉತ್ತರ ಕೊಟ್ಟವನು ಏಳನೆಯ ತರಗತಿಯ ಹುಡುಗನಿರಬಹುದು ಎಂದು ನನ್ನ ಗುಮಾನಿ. ಆ ಹುಡುಗ ಸಾಯಿಸಿದ್ದು ಯಾರನ್ನು ಎಂಬುದನ್ನೂ ಗಮನಿಸಿ. ಅಜ್ಜಿಯಿದ್ದರು, ಸೋದರಮಾವ ಇದ್ದಾರು, ನೆಂಟರು ಬೇಕಾದಷ್ಟು. ಬಾಯಿಗೆ ಬಂದದ್ದು ಅಪ್ಪ. ಹಾಗೆಂದು ತಪ್ಪನ್ನೆಲ್ಲ ಬರಲಿನ ಮೇಲೆ ಹಾಕಲು ಬಿಡುವುದಿಲ್ಲ. ಅದೇ ಅಪ್ಪನ ಮನೆಯಲ್ಲಿ ಬೆಳೆದ ನಿಮ್ಮ ತಂಗಿ ಕಚೇರಿಯಲ್ಲಿ ಯಾರನ್ನೂ ಸಾಯಿಸಿಲ್ಲವಷ್ಟೇ.

ನೀವು ಓಡುತ್ತ ದಾಟಿಹೋದ ಒಂದು ಸಾಲಿಗೆ ನಾನು ಗೆರೆ ಎಳೆದಿದ್ದೇನೆ: ‘ಎಲ್ಲರೂ ಮೆತ್ತಗೆ ಮಾತನಾಡುತ್ತಿದ್ದರು.’ ಲೆಕ್ಕ ಮುಗಿಸಲು ರಜೆಯೊಂದೇ ಸಾಕಿತ್ತು, ಜ್ವರ ಎಂದಿದ್ದರೂ ನಡೆಯುತ್ತಿತ್ತು. ವರ್ಷಾಬ್ದಿಕಕ್ಕೆ ಮತ್ತೆ ಹೋದದ್ದು ರಜೆಗಲ್ಲ, ಆ ಮೆತ್ತನೆಯ ಮಾತಿಗೆ. ಇದನ್ನು ಹೀಗೆ ಪತ್ರಿಕೆಯಲ್ಲಿ ಎರಡು ಸಾಲಿನಲ್ಲಿ ಮುಗಿಸಲಾಗದು. ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಎದುರು ಹತ್ತಾರು ಸಲ ಕುಳಿತುಕೊಳ್ಳಿ. ನೀವಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ. ಸುಳ್ಳಿಗೆಂದೇ ಮಾತ್ರೆ ಇಲ್ಲ, ಯಾರಾದರೂ ಕೊಟ್ಟರೆ ಯಾವುದಕ್ಕೆ ಎಂದು ಕೇಳಿ. ಹೋಗುವಾಗ ಮೊಬೈಲಿನ ಪಟ್ಟಿಯನ್ನು ಅಳಿಸಬೇಡಿ. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ತೆರೆದು, ಬಾಯಿ ತೆರೆಯುವ ಮುಂಚೆ ಏನಾಗುತ್ತದೆಂದು ಹೆದರಿದ್ದಿರಿ ಎಂದು ಬರೆಯಿರಿ. ಮತ್ತೆ, ಸುಳ್ಳು ಹೊರಬಿದ್ದ ಅರ್ಧ ಗಂಟೆಯೊಳಗೆ ಅದೇ ವ್ಯಕ್ತಿಗೆ ‘ಅಲ್ಲ, ಇಡ್ಲಿ ತಿಂದೆ’ ಎಂದು ತಿದ್ದಿ ಹೇಳಿ. ಪೆದ್ದನ ಹಾಗೆ ಕಾಣಿಸುತ್ತೀರಿ. ಕಾಣಿಸಲಿ. ಇಡ್ಲಿಯ ಮೇಲೆ ಅಭ್ಯಾಸವಾದರೆ ದೊಡ್ಡದಕ್ಕೆ ನಾಲಗೆ ತಿರುಗುತ್ತದೆ.

ಈಗ ಮದುವೆ. ಇವತ್ತು ರಾತ್ರಿ ಹೆಂಡತಿಗೆ ಹೇಳಿ. ಅವರಿಗೆ ಏನೂ ಗೊತ್ತಿಲ್ಲ ಎಂದಿರುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಿರುಪತಿಯಿಂದ ಲಾಡು ತಾರದೆ ಬಂದ ಗಂಡನನ್ನು ಯಾವ ಹೆಂಡತಿ ನಂಬುತ್ತಾಳೆ? ಈ ವಾರವೇ ಮ್ಯಾನೇಜರ್‌ಗೆ, ಅದೇ ದಿನ ಹಣ ಕೊಟ್ಟ ಗೆಳೆಯರಿಗೆ, ಎದುರಾಎದುರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇಡ. ಹೇಳಬೇಕಾದದ್ದು ಇಷ್ಟೇ: ‘ನಮ್ಮ ಅಪ್ಪ ತೀರಿಕೊಂಡಿಲ್ಲ. ಮೂರು ವರ್ಷದ ಹಿಂದೆ ನಿಮಗೆ ಸುಳ್ಳು ಹೇಳಿದೆ. ನೀವು ಕೊಟ್ಟಿದ್ದ ಹಣ ಇದು.’ ಇದಾದ ಮೇಲೆ ಬಾಯಿ ಮುಚ್ಚಿ. ‘ಏಕೆಂದರೆ’ ಎಂದು ಶುರುಮಾಡಿದಿರೋ, ನಿಮ್ಮಂಥ ಕಸುಬುದಾರನ ಬಾಯಲ್ಲಿ ಮುಂದಿನ ವಾಕ್ಯ ಹೊಸ ಕಥೆಯೇ ಆಗಿರುತ್ತದೆ: ಅಪ್ಪನಿಗೆ ಹೃದಯಾಘಾತವಾಗಿತ್ತು, ಡಾಕ್ಟರು ಕೈಬಿಟ್ಟಿದ್ದರು, ಹೀಗೆ. ಹಣ ಬೇಡ ಎಂದವರ ಮೇಜಿನ ಮೇಲೆ ಇಟ್ಟು ಬನ್ನಿ. ಆಶ್ರಮಕ್ಕೆ ಕೊಟ್ಟು ಫೋಟೊ ಹಾಕುವ ಕೆಲಸ ಮಾಡಬೇಡಿ, ಅದು ನಿಮ್ಮ ಹಣವಲ್ಲ.

ಕೆಲಸ ಹೋಗಬಹುದು. ಸುಳ್ಳು ಕಾರಣಕ್ಕೆ ರಜೆ ಪಡೆದದ್ದು ಶಿಸ್ತಿನ ಕ್ರಮಕ್ಕೆ ದಾರಿಯಾಗುತ್ತದೆ, ಹೋಗುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ಟೆಂಪೋದಲ್ಲಿ ಬರುವವರು ಎಂಟರ ಬದಲು ಇಬ್ಬರಾಗಬಹುದು. ಒಬ್ಬರೂ ಇಲ್ಲದಿರಬಹುದು.

ಅಪ್ಪನಿಗೆ? ಮದುವೆಗೆ ಮುಂಚೆ ಹೇಳಬೇಡಿ. ಹೇಳದಿರುವುದೂ ಸುಳ್ಳಲ್ಲವೇ ಎಂದು ನೀವು ಕೇಳುವುದು ನನಗೆ ಕೇಳಿಸುತ್ತಿದೆ; ಸುಳ್ಳುಗಾರರು ಸತ್ಯದ ಕಡೆ ಹೊರಳಿದ ಹೊಸತರಲ್ಲಿ ಭಾರಿ ಮಡಿವಂತರಾಗುತ್ತಾರೆ. ಅದು ತಂಗಿಯ ದಿನ. ನಿಮ್ಮ ತಪ್ಪೊಪ್ಪಿಗೆಗೆ ಅಲ್ಲಿ ಎಲೆ ಹಾಕಿಲ್ಲ. ಬೀಗರೂಟವೆಲ್ಲ ಮುಗಿದು ಚಪ್ಪರ ಬಿಚ್ಚಿದ ಮೇಲೆ, ಬೇರೆ ಯಾರೋ ಹೇಳುವ ಮೊದಲು ನೀವೇ ಹೇಳಿ. ಬದುಕಿರುವವರು ಸತ್ತರೆಂದು ಸುದ್ದಿಯಾದರೆ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆಯಲ್ಲ, ಅವರು ಅದನ್ನು ಹೇಳಿ ನಕ್ಕರೂ ನಕ್ಕಾರು. ಬರಲು ಹುಡುಕಿದರೆ, ಮೂವತ್ತನಾಲ್ಕು ವರ್ಷದವರಿಗೆ ಓಡಲು ಬರುತ್ತದೆ.

ಪ್ರಶ್ನೆ: ಸತ್ಯ ಹೇಳಿ ಉದ್ಧಾರವಾದವರು ಯಾರಾದರೂ ಇದ್ದಾರೆಯೇ?
— ಒಬ್ಬ ಓದುಗ, ಗದಗ

ಉತ್ತರ: ಇದ್ದಾರೆ. ಅವರು ಈ ಅಂಕಣಕ್ಕೆ ಪತ್ರ ಬರೆಯುವುದಿಲ್ಲ.

ಪ್ರಶ್ನೆ: ನಿಶ್ಚಿತಾರ್ಥವಾಗಿದೆ. ಹುಡುಗಿ ಹಿಂದೆ ಯಾರನ್ನೂ ಪ್ರೀತಿಸಿಲ್ಲ ಎನ್ನುತ್ತಾಳೆ. ಮಾತನಾಡುವಾಗ ಕಣ್ಣು ತಪ್ಪಿಸುತ್ತಾಳೆ. ಖಾಸಗಿಯಾಗಿ ಸುಳ್ಳು ಪತ್ತೆ ಯಂತ್ರದ ಪರೀಕ್ಷೆ ಮಾಡಿಸಬಹುದೇ? ವೆಚ್ಚ ಎಷ್ಟು?
— ದಾವಣಗೆರೆಯಿಂದ

ಉತ್ತರ: ವೆಚ್ಚ ಒಂದು ಮದುವೆ.

ಪಾಲಿಗ್ರಾಫ್ ಯಂತ್ರ ಸುಳ್ಳನ್ನು ಪತ್ತೆ ಮಾಡುವುದಿಲ್ಲ. ನಾಡಿ, ರಕ್ತದೊತ್ತಡ, ಉಸಿರು, ಬೆವರು ಇಷ್ಟನ್ನು ಅಳೆಯುತ್ತದೆ. ಸುಳ್ಳು ಹೇಳುವವನೂ ಬೆವರುತ್ತಾನೆ, ತನ್ನನ್ನು ನಂಬುತ್ತಿಲ್ಲವಲ್ಲ ಎಂದು ಅವಮಾನವಾದವಳೂ ಬೆವರುತ್ತಾಳೆ. ಕೊಲೆ ಆರೋಪಿಗೂ ಅವನ ಒಪ್ಪಿಗೆಯಿಲ್ಲದೆ ಈ ಪರೀಕ್ಷೆಯಾಗಲಿ, ಮಂಪರು ಪರೀಕ್ಷೆಯಾಗಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿದೆ. ಮೊಕದ್ದಮೆಯ ಹೆಸರು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ನಮ್ಮದೇ ರಾಜ್ಯದ ಹೆಸರು ಅದರಲ್ಲಿದೆ, ನೆನಪಿಟ್ಟುಕೊಳ್ಳಿ. ನೀವು ಒಬ್ಬ ಹುಡುಗಿಗೆ ಕಾಫಿ ಕುಡಿಯೋಣ ಬಾ ಎಂದು ಕರೆದು ತಂತಿ ಸುತ್ತಲು ಹೊರಟಿದ್ದೀರಿ.

ಕಣ್ಣು ತಪ್ಪಿಸುವುದರಿಂದ ಏನೂ ತಿಳಿಯುವುದಿಲ್ಲ. ಸುಮಾರು 24 ಸಾವಿರ ಜನರ ಊಹೆಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯೊಂದರಲ್ಲಿ, ಮುಖ ನೋಡಿ ಮಾತು ಕೇಳಿ ನಿಜ ಸುಳ್ಳು ಹೇಳುವವರು ಸರಿಯಾದದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೆ 50. ನನ್ನನ್ನೇ ಒಬ್ಬ ಯುವಕ ನಾಲ್ಕು ತಿಂಗಳು ಏಮಾರಿಸಿದ್ದ. ಪ್ರತಿ ಮಂಗಳವಾರ ಬಂದು, ಪ್ರವಾಹದಲ್ಲಿ ಕೊಚ್ಚಿಹೋದ ತಮ್ಮನ ಕಥೆಯನ್ನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದ. ಒಂದು ಮಂಗಳವಾರ ಔಷಧಿಯ ಚೀಟಿ ಒಯ್ಯಲು ಆ ತಮ್ಮನೇ ಬಂದು ನಿಂತ.

ಅಂದ ಹಾಗೆ, ನಿಮ್ಮ ಪತ್ರದಲ್ಲಿ ಒಂದು ಮಾತಿಲ್ಲ. ಅದೇ ಪ್ರಶ್ನೆಯನ್ನು ಆಕೆ ನಿಮಗೆ ಕೇಳಿದರೇ? ಏನು ಹೇಳಿದಿರಿ?

ಪ್ರಶ್ನೆ: ನಮ್ಮ ಅತ್ತೆಗೆ 76 ವರ್ಷ. ಒಂದು ವರ್ಷದಿಂದ ಬಾಯಿ ಬಿಟ್ಟರೆ ಸುಳ್ಳು. ಸೊಸೆ ತನ್ನ ಬಳೆ ಕದ್ದಳು ಎಂದು ಅಕ್ಕಪಕ್ಕದವರಿಗೆ ಹೇಳುತ್ತಾರೆ. ಬಳೆ ಅಕ್ಕಿಡಬ್ಬದಲ್ಲಿ ಸಿಕ್ಕರೆ ‘ಈಗ ತಂದಿಟ್ಟಿದ್ದಾಳೆ’ ಎನ್ನುತ್ತಾರೆ. ಬೆಳಿಗ್ಗೆಯಿಂದ ಮನೆಯಲ್ಲೇ ಇದ್ದವರು ಮಧ್ಯಾಹ್ನ ‘ಪೇಟೆಗೆ ಹೋಗಿ ಬಂದೆ, ಟೊಮೆಟೊ ತುಟ್ಟಿಯಾಗಿದೆ’ ಎಂದು ವಿವರವಾಗಿ ಹೇಳುತ್ತಾರೆ. ಮಾವ ತೀರಿಕೊಂಡು ಆರು ವರ್ಷವಾಯಿತು. ಅವರು ಊಟಕ್ಕೆ ಯಾಕೆ ಬಂದಿಲ್ಲ ಎಂದು ದಿನವೂ ಕೇಳುತ್ತಾರೆ. ನನ್ನ ಗಂಡ ‘ಅಮ್ಮನಿಗೆ ನಾಟಕ’ ಎನ್ನುತ್ತಾರೆ. ಇಪ್ಪತ್ತು ವರ್ಷ ಸೇವೆ ಮಾಡಿ ಕಳ್ಳಿ ಎನ್ನಿಸಿಕೊಂಡೆ.
— ಶಿರಸಿಯಿಂದ ಒಬ್ಬ ಸೊಸೆ

ಉತ್ತರ: ತಂಗೀ, ನಿಮ್ಮ ಅತ್ತೆ ಸುಳ್ಳು ಹೇಳುತ್ತಿಲ್ಲ. ಮೊದಲ ಪತ್ರದ ಮಹಾಶಯರಿಗೆ ಅಪ್ಪ ಬದುಕಿರುವುದು ಗೊತ್ತಿತ್ತು. ನಿಮ್ಮ ಅತ್ತೆಗೆ ಬಳೆ ಎಲ್ಲಿಟ್ಟೆ ಎಂಬುದು ನಿಜವಾಗಿಯೂ ಗೊತ್ತಿಲ್ಲ. ನೆನಪಿನಲ್ಲಿ ತೂತು ಬಿದ್ದಾಗ ಮಿದುಳು ಅದನ್ನು ಹಾಗೇ ಬಿಡುವುದಿಲ್ಲ, ಕೈಗೆ ಸಿಕ್ಕ ಬಟ್ಟೆಯಿಂದ ತೇಪೆ ಹಾಕುತ್ತದೆ. ಹಳೆಯ ಯಾವುದೋ ದಿನದ ಪೇಟೆ, ಯಾವುದೋ ಟೊಮೆಟೊ. ವೈದ್ಯರು ಇದನ್ನು ಕನ್‌ಫ್ಯಾಬ್ಯುಲೇಷನ್ ಎನ್ನುತ್ತಾರೆ. ವಿಪರೀತ ಕುಡಿತದಿಂದ ಬಿ1 ಜೀವಸತ್ವ ಬರಿದಾಗಿ ಕೊರ್ಸಕಾಫ್ ಕಾಯಿಲೆ ಬಂದವರಲ್ಲೂ ಇದನ್ನು ಕಾಣುತ್ತೇವೆ. ಬಳೆ ಮಾಯವಾಗಿದೆ, ತಾನು ಇಟ್ಟದ್ದು ನೆನಪಿಲ್ಲ, ಹಾಗಾದರೆ ಯಾರೋ ಕದ್ದಿರಬೇಕು. ತರ್ಕ ಸರಿಯಾಗಿಯೇ ಇದೆ. ಕಳ್ಳರ ಪಟ್ಟಿಯಲ್ಲಿ ಮೊದಲ ಹೆಸರು ಯಾವಾಗಲೂ ದಿನವಿಡೀ ಹತ್ತಿರ ಇರುವವರದ್ದೇ. ದೂರದಲ್ಲಿದ್ದು ವರ್ಷಕ್ಕೊಮ್ಮೆ ಸೀರೆ ತರುವ ಮಗಳ ಮೇಲೆ ಈ ಆರೋಪ ಬರುವುದಿಲ್ಲ.

ಮರೆವಿನ ಕಾಯಿಲೆ ಎಂದು ನಾವೇ ತೀರ್ಮಾನಿಸುವುದು ಬೇಡ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್, ಖಿನ್ನತೆ ಇವೂ ಹೀಗೆ ಕಾಣಿಸಿಕೊಳ್ಳಬಹುದು, ಇವಕ್ಕೆ ಔಷಧಿಯಿದೆ. ನಿಮ್ಮ ಗಂಡ ಒಂದು ದಿನ ರಜೆ ಹಾಕಿ (ನಿಜವಾದ ಕಾರಣ ಕೊಟ್ಟು) ತಾಯಿಯನ್ನು ಕರೆದುಕೊಂಡು ಹೋಗಲಿ. ನಾಟಕವೋ ಅಲ್ಲವೋ ಅವರಿಗೂ ತಿಳಿಯುತ್ತದೆ.

ಮಾವನ ಪ್ರಶ್ನೆಗೆ ಏನು ಹೇಳುವುದು? ನನ್ನ ಅಮ್ಮನೂ ಕೊನೆಯ ಮೂರು ವರ್ಷ ಹೀಗೇ ಕೇಳುತ್ತಿದ್ದಳು. ಡಾಕ್ಟರಾದ ನಾನು ಮೊದಲ ದಿನ ‘ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತಮ್ಮ’ ಎಂದು ನಿಜ ಹೇಳಿದೆ. ಅವಳು ಆಗ ತಾನೇ ಸುದ್ದಿ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತಳು. ಸಂಜೆಗೆ ಮರೆತು ಮತ್ತೆ ಕೇಳಿದಳು, ಮತ್ತೆ ಹೇಳಿದೆ, ಮತ್ತೆ ಅತ್ತಳು. ಒಂದೇ ಸಾವಿಗೆ ಅವಳನ್ನು ಒಂದೇ ದಿನ ಎರಡು ಸಲ ವಿಧವೆ ಮಾಡಿದೆ. ಮಾರನೆಯ ದಿನ ‘ಸಂತೆಗೆ ಹೋಗಿದ್ದಾರೆ’ ಎಂದೆ. ‘ಕೊಡೆ ಒಯ್ದರೋ ಇಲ್ಲವೋ?’ ಎಂದಳು. ಒಯ್ದರು ಎಂದೆ. ಊಟ ಮಾಡಿದಳು. ನಿಮಗೆ ಹೀಗೆ ಹೇಳಲು ಮನಸ್ಸು ಬಾರದಿದ್ದರೆ, ಉತ್ತರ ಕೊಡುವ ಬದಲು ‘ಮಾವನಿಗೆ ಯಾವ ಪಲ್ಯ ಇಷ್ಟವಿತ್ತು ಅತ್ತೆ?’ ಎಂದು ಕೇಳಿ. ಪಲ್ಯದ ದಾರಿ ಹಿಡಿದು ಹೊರಟರೆ ಮೂಲ ಪ್ರಶ್ನೆಗೆ ಬೇಗ ವಾಪಸು ಬರುವುದಿಲ್ಲ.

ಬಳೆ ಕದ್ದಿಲ್ಲ ಎಂದು ವಾದ ಮಾಡಬೇಡಿ, ‘ಬನ್ನಿ, ಹುಡುಕೋಣ’ ಎನ್ನಿ. ಸಿಕ್ಕಾಗ ಅವರ ಕೈಗೇ ಸಿಗುವಂತೆ ಮಾಡಿ. ಅಸಲಿ ಚಿನ್ನ ಬ್ಯಾಂಕ್ ಲಾಕರಿಗೆ ಹೋಗಲಿ, ಗಂಡನೂ ನಾದಿನಿಯೂ ಎದುರಿಗಿದ್ದು ಪಟ್ಟಿಗೆ ಸಹಿ ಮಾಡಲಿ. ಪಕ್ಕದ ಮನೆಯವರಿಗೆ ವಿಷಯ ತಿಳಿಸುವುದು ನಿಮ್ಮ ಕೆಲಸವಲ್ಲ, ನಿಮ್ಮ ಗಂಡನದ್ದು. ರಾತ್ರಿ ನಿದ್ದೆ ಬಾರದೆ ಅಳು ಬಂದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಅತ್ತೆಯ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿ. ಅಕ್ಕಿಡಬ್ಬವನ್ನು ಮಾತ್ರ ದಿನಕ್ಕೊಮ್ಮೆ ನೋಡುತ್ತಿರಿ. ನನ್ನ ಅಮ್ಮನ ಮೂಗುಬೊಟ್ಟು ನಮ್ಮ ಮನೆಯಲ್ಲಿ ಉಪ್ಪಿಟ್ಟಿನ ಜೊತೆ ತಟ್ಟೆಗೆ ಬಂದಿತ್ತು.